ಸಾವಿಗೂ ಬಾರದ ನೆಂಟರು

ಅಮೆರಿಕದ ಹಗಲು ಧಾರಾವಾಹಿಗಳಲ್ಲಿ ಹೋಟೆಲಿನ ಮಾಣಿಗಳು ಮಾತನಾಡುವುದಿಲ್ಲ. ಗಿರಾಕಿ ಎರಡು ಕಾಫಿ ಎನ್ನುತ್ತಾನೆ, ಮಾಣಿ ತಲೆಯಾಡಿಸಿ ಮರೆಯಾಗುತ್ತಾನೆ. ಕಾಫಿ ತಂದಿಡುವಾಗಲೂ ಅಷ್ಟೇ, ಒಂದು ಮುಗುಳ್ನಗೆ. ಇದು ಆ ದೇಶದ ಶಿಷ್ಟಾಚಾರವಂತೂ ಅಲ್ಲ. ಅಲ್ಲಿನ ನಿಜವಾದ ಮಾಣಿಗಳು ಮೊದಲು ತಮ್ಮ ಹೆಸರು ಹೇಳಿ, ಯೋಗಕ್ಷೇಮ ವಿಚಾರಿಸಿ, ನಾವು ಬಾಯಿಗೆ ತುತ್ತಿಟ್ಟ ಹೊತ್ತಿಗೆ ಸರಿಯಾಗಿ ಬಂದು ಊಟ ಹೇಗಿದೆ ಎಂದು ಕೇಳುವ ಪೈಕಿ. ಧಾರಾವಾಹಿಯ ಮಾಣಿಯ ಮೌನಕ್ಕೆ ಕಾರಣ ಬೇರೆ. ಕಲಾವಿದರ ಸಂಘದ ಒಪ್ಪಂದದ ಪ್ರಕಾರ ಸುಮ್ಮನೆ ಓಡಾಡುವವನಿಗೆ ಒಂದು ದರ, ಐದು ಸಾಲಿನೊಳಗೆ ಮಾತು ಮುಗಿಸುವವನಿಗೆ ಇನ್ನೊಂದು ದರ, ಅದನ್ನು ಮೀರಿದವನಿಗೆ ಮತ್ತೊಂದು. ‘ಸಕ್ಕರೆ ಹಾಕಲೇ?’ ಎಂದು ಕೇಳಿದ ಕ್ಷಣಕ್ಕೆ ಮಾಣಿಯ ದರ್ಜೆ ಏರಿಬಿಡುತ್ತದೆ. ಆದ್ದರಿಂದ ಸಕ್ಕರೆಯ ವಿಚಾರ ಯಾರೂ ಎತ್ತುವುದಿಲ್ಲ.

ಈ ಧಾರಾವಾಹಿಗಳನ್ನು ನಮ್ಮವರಲ್ಲಿ ಶ್ರದ್ಧೆಯಿಂದ ನೋಡಿದವರು ಎರಡು ಬಗೆ. 1990ರ ದಶಕದ ಆರಂಭದಲ್ಲಿ ಕೇಬಲ್ ಬಂದ ಹೊಸತರಲ್ಲಿ ಸ್ಟಾರ್ ಪ್ಲಸ್‌ನ ‘ಸಾಂತಾ ಬಾರ್ಬರಾ’, ‘ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್’ಗಳನ್ನು ನೋಡುತ್ತ, ಮಕ್ಕಳ ಹೆಜ್ಜೆಯ ಸದ್ದಾದರೆ ಚಾನೆಲ್ ಬದಲಿಸುತ್ತಿದ್ದವರು ಮೊದಲನೆಯವರು. ಮಗನ ಮನೆಗೋ ಮಗಳ ಮನೆಗೋ ಎಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋದ ತಂದೆ ತಾಯಿಗಳು ಎರಡನೆಯವರು. ಬೆಳಗ್ಗೆ ಎಂಟಕ್ಕೆಲ್ಲ ಮನೆ ಖಾಲಿ. ಕಾರು ಓಡಿಸಲು ಬಾರದು, ನಡೆದು ಹೋಗೋಣವೆಂದರೆ ಹತ್ತಿರದಲ್ಲಿ ಅಂಗಡಿಯಿಲ್ಲ. ಒಗ್ಗರಣೆ ಸ್ವಲ್ಪ ಜೋರಾದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಮಧ್ಯಾಹ್ನ ಟಿ.ವಿ. ಹಾಕಿದರೆ ಮಾತ್ರ ಅಲ್ಲೊಂದು ಇಡೀ ಊರು ಕಾಣಿಸುತ್ತದೆ. ನಾನು ಈ ಎರಡನೆಯ ಪಂಗಡದವಳು. ಇಂಗ್ಲಿಷ್ ಅರ್ಧ ಕೈಕೊಟ್ಟರೂ ಕಥೆ ಕೈಕೊಟ್ಟಿದ್ದಿಲ್ಲ. ಆಸ್ತಿ, ಅತ್ತೆ, ಅದಲು ಬದಲಾದ ಮಗು, ಇವಕ್ಕೆ ಯಾವ ಶಬ್ದಕೋಶ ಬೇಕು?

ಒಂದು ಕಾಲಕ್ಕೆ ಆ ಊರುಗಳಲ್ಲಿ ಹಣ ಧಾರಾಳವಾಗಿತ್ತು. 1981ರ ನವೆಂಬರ್‌ನಲ್ಲಿ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯ ಲೂಕ್ ಮತ್ತು ಲಾರಾರ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಆ ಮದುವೆಗೆ ಹಾಲಿವುಡ್ ತಾರೆ ಎಲಿಜಬೆತ್ ಟೇಲರ್ ಬಂದು ವಧೂವರರಿಗೆ ಶಾಪ ಹಾಕಿ ಹೋದರು. ಅದೇ ವರ್ಷ ಅದೇ ಊರನ್ನು ಹವಾಮಾನ ಯಂತ್ರವೊಂದರಿಂದ ಬೇಸಿಗೆಯಲ್ಲಿ ಹೆಪ್ಪುಗಟ್ಟಿಸುವ ಸಂಚೂ ನಡೆದಿತ್ತು. ಈಗ ಒಂದು ಹಗಲು ಧಾರಾವಾಹಿಗೆ 30-40 ಲಕ್ಷ ವೀಕ್ಷಕರು ಸಿಕ್ಕರೆ ಹಬ್ಬ. ಹೆಂಗಸರು ಕೆಲಸಕ್ಕೆ ಹೊರಟರು, ಚಾನೆಲ್ಲುಗಳು ನೂರಾದವು. 1995ರಲ್ಲಿ ಅಲ್ಲಿನ ಮಾಜಿ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಮೇಲಿನ ಕೊಲೆ ಮೊಕದ್ದಮೆಯ ನೇರ ಪ್ರಸಾರ ತಿಂಗಳುಗಟ್ಟಲೆ ಮಧ್ಯಾಹ್ನಗಳನ್ನು ನುಂಗಿಹಾಕಿತು. ಕೋರ್ಟು ಕಲಾಪದ ರುಚಿ ಹತ್ತಿದ ಬಹಳ ಮಂದಿ ಧಾರಾವಾಹಿಗೆ ಮರಳಲೇ ಇಲ್ಲ. ನೋಡುವವರು ಇಳಿದಂತೆ ಜಾಹೀರಾತು ಇಳಿಯಿತು, ಜಾಹೀರಾತು ಇಳಿದಂತೆ ಬಜೆಟ್ಟು.

ಬಜೆಟ್ಟು ಇಳಿದದ್ದು ಮೊದಲು ಗೊತ್ತಾಗುವುದು ಸೆಟ್ಟಿನ ಸೋಫಾದಲ್ಲಿ ಅಲ್ಲ, ಶವಸಂಸ್ಕಾರದಲ್ಲಿ. ಊರಿನ ದೊಡ್ಡ ಶ್ರೀಮಂತ, ಅರ್ಧ ಊರನ್ನು ಹಾಳು ಮಾಡಿದವನು, ಉಳಿದರ್ಧವನ್ನು ಮದುವೆಯಾದವನು, ಕಡೆಗೂ ಸಾಯುತ್ತಾನೆ. ಚರ್ಚಿನಲ್ಲಿ ನೋಡಿದರೆ ಐದು ಜನ. ನಮ್ಮ ಬೀದಿಯಲ್ಲಿ ಹಾಲು ಹಾಕುವವನ ತಾಯಿ ಹೋದರೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಸತ್ತವನ ಸ್ವಂತ ತಂಗಿಯೇ ಇರುವುದಿಲ್ಲ. ಅವಳು ಫೋನಿನಲ್ಲಿ ಅಳುತ್ತಾಳೆ. ಅದೂ ನಮಗೆ ಕೇಳಿಸುವುದು ಈ ಕಡೆಯವರ ಮಾತು ಮಾತ್ರ. ಮದುವೆಯಾದರೆ ಜೋಡಿ ಓಡಿ ಹೋಗಿ ಮಾಡಿಕೊಳ್ಳುತ್ತದೆ, ಇಲ್ಲವೇ ಪಾದ್ರಿ ಬಾಯಿ ತೆರೆಯುವ ಹೊತ್ತಿಗೆ ಯಾರೋ ಬಂದು ತಡೆಯುತ್ತಾರೆ. ಪಾದ್ರಿಯ ಮಂತ್ರ ಐದು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ನೋಡಿ.

ತಂಗಿ ಯಾಕೆ ಬರಲಿಲ್ಲ ಎಂಬುದಕ್ಕೆ ಕಥೆಯೊಳಗೆ ಉತ್ತರವಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಒಪ್ಪಂದದ ನಟರಿಗೆ ವಾರಕ್ಕೆ ಇಷ್ಟು ದಿನ ಎಂಬ ಖಾತರಿ ಇರುತ್ತದೆ. ಬಜೆಟ್ಟು ಇಳಿದಂತೆ ಆ ದಿನಗಳು ಇಳಿಯುತ್ತವೆ, ಮೀರಿದರೆ ಹೆಚ್ಚುವರಿ ಖರ್ಚು. ತಂಗಿಯ ಪಾಲಿನ ದಿನಗಳು ಸೋಮವಾರ ಅಣ್ಣನೊಂದಿಗೆ ಜಗಳವಾಡಿದ್ದರಲ್ಲಿ ಮುಗಿದಿವೆ. ಗುರುವಾರ ಅವನು ಸತ್ತರೆ ಅವಳೇನು ಮಾಡಿಯಾಳು? ಕಥೆ ಬರೆಯುವವರು ಯಾರ ಮನಸ್ಸಿನಲ್ಲಿ ಏನಿದೆ ಎಂದು ಯೋಚಿಸುವ ಮೊದಲು, ಇಂದು ಯಾರು ಯಾರು ಇದ್ದಾರೆ, ಸ್ಟುಡಿಯೋದಲ್ಲಿ ಯಾವ ಯಾವ ಕೋಣೆ ಹಾಕಿದೆ ಎಂದು ನೋಡಿಕೊಳ್ಳಬೇಕು.

ನನ್ನ ತಕರಾರು ಇರುವುದು ಇಲ್ಲಿ. ಧಾರಾವಾಹಿ ಎಂಬುದು ಗುಟ್ಟಿನ ಮೇಲೆ ನಿಂತ ಕಲೆ, ಗುಟ್ಟು ಬದುಕುವುದು ಮೂರನೆಯವರ ಕಿವಿಯಲ್ಲಿ. ಆಸ್ಪತ್ರೆಯ ನರ್ಸು ಕೇಳಿಸಿಕೊಂಡು ಕ್ಷೌರದಂಗಡಿಯಲ್ಲಿ ಹೇಳಬೇಕು, ಅಲ್ಲಿಂದ ಅದು ಚರ್ಚಿನ ಮೆಟ್ಟಿಲಿಗೆ ಬರಬೇಕು, ಅಲ್ಲಿ ಕೇಳಿಸಿಕೊಳ್ಳಬಾರದವಳು ಕೇಳಿಸಿಕೊಳ್ಳಬೇಕು. ಈಗ ನರ್ಸಿಗೆ ಮಾತಿಲ್ಲ, ಕ್ಷೌರದಂಗಡಿಯ ಸೆಟ್ಟು ಬಿಚ್ಚಿಟ್ಟಿದ್ದಾರೆ. ಹೀಗಾಗಿ ಗುಟ್ಟು ಇಟ್ಟುಕೊಂಡವನೇ ಯಾರಿಗೆ ಹೇಳಬಾರದೋ ಅವರ ಮನೆಗೆ ನಡೆದುಹೋಗಿ ಹೇಳಿ ಬರುತ್ತಾನೆ. ಅಥವಾ ಒಬ್ಬನೇ ಕೋಣೆಯಲ್ಲಿ ಗಟ್ಟಿಯಾಗಿ ಗೊಣಗುತ್ತಾನೆ, ಇನ್ನೊಬ್ಬಳು ಬಾಗಿಲ ಸಂದಿಯಲ್ಲಿ ನಿಂತಿರುತ್ತಾಳೆ. ಆ ಬಾಗಿಲ ಸಂದಿಗಳಿಗೆ ಪಾಪ, ವಿಶ್ರಾಂತಿಯೇ ಇಲ್ಲ.

ಹಿರಿಯರ ಪಾಡು ಬೇರೆಯದೇ. ಹಳೆಯ ನಟಿಗೆ ಸಂಬಳ ಹೆಚ್ಚು, ಹೊಸ ಹುಡುಗಿಗೆ ಕಡಿಮೆ. ಕತ್ತರಿ ಬೀಳುವುದು ಅಜ್ಜಿಯ ಮೇಲೆ. ‘ಡೇಸ್ ಆಫ್ ಅವರ್ ಲೈವ್ಸ್’ ದಶಕಗಳ ಕಾಲ ನೆಚ್ಚಿಕೊಂಡಿದ್ದ ಡೀಡ್ರ ಹಾಲ್ ಮತ್ತು ಡ್ರೇಕ್ ಹೋಗೆಸ್ಟಿನ್ ಇಬ್ಬರನ್ನೂ ಖರ್ಚಿನ ಕಾರಣಕ್ಕೆ 2009ರ ಆರಂಭದಲ್ಲಿ ಕಳುಹಿಸಿಕೊಟ್ಟಿತು. ಕಥೆಯಲ್ಲಿ ಅವರು ಹೋದದ್ದು ಸ್ವಿಟ್ಜರ್ಲೆಂಡಿಗೆ, ಚಿಕಿತ್ಸೆಗೆಂದು. ಹಣವಿಲ್ಲದೆ ಹೊರಬಿದ್ದವರನ್ನು ಜಗತ್ತಿನ ಅತಿ ದುಬಾರಿ ದೇಶಕ್ಕೆ ಕಳುಹಿಸುವ ಧೈರ್ಯ ಧಾರಾವಾಹಿಗೆ ಮಾತ್ರ ಇರಲು ಸಾಧ್ಯ. 2011ರಲ್ಲಿ ಇಬ್ಬರನ್ನೂ ಮರಳಿ ಕರೆಸಿಕೊಂಡರು ಎಂಬುದನ್ನೂ ಹೇಳಬೇಕು. ಹಿರಿಯರಿಲ್ಲದ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳುವವರೇ ಇರುವುದಿಲ್ಲ. ಮೂವತ್ತು ವರ್ಷದ ಹಿಂದಿನ ದ್ವೇಷ ಯಾಕೆ ಹುಟ್ಟಿತು ಎಂಬುದು ಹೊಸ ಹುಡುಗಿಗೆ ಗೊತ್ತಿಲ್ಲ, ನೋಡುತ್ತಿರುವ ನನಗೆ ಗೊತ್ತಿದೆ. ಸೋಫಾದಿಂದ ಕೂಗಿ ಹೇಳಬೇಕೆನಿಸುತ್ತದೆ.

ಖರ್ಚಿಲ್ಲದೆ ಪಾತ್ರವನ್ನು ತೆಗೆಯುವ ಉಪಾಯ ಹಳೆಯದೇ. ‘ಆಲ್ ಮೈ ಚಿಲ್ಡ್ರನ್’ ಶುರುವಾದ ಹೊಸತರಲ್ಲಿ ಬಾಬಿ ಮಾರ್ಟಿನ್ ಎಂಬ ಹುಡುಗ ಹಿಮದಲ್ಲಿ ಜಾರುವ ತನ್ನ ಪಟ್ಟಿಗಳನ್ನು ತಿಕ್ಕಿ ಹೊಳಪು ಮಾಡಲು ಅಟ್ಟ ಹತ್ತಿದ. ಇಳಿಯಲೇ ಇಲ್ಲ. ಮನೆಯವರು ಊಟಕ್ಕೂ ಕರೆಯಲಿಲ್ಲ. ಬಹಳ ವರ್ಷಗಳ ನಂತರ ಅದೇ ಧಾರಾವಾಹಿ ತನ್ನನ್ನೇ ಗೇಲಿ ಮಾಡಿಕೊಂಡು, ಅಟ್ಟದಲ್ಲಿ ಬಾಬಿ ಎಂದು ಬರೆದ ಟೋಪಿ ಹಾಕಿಕೊಂಡ ಅಸ್ಥಿಪಂಜರವೊಂದನ್ನು ತೋರಿಸಿತು.

ಹಣವಿಲ್ಲದಿದ್ದರೆ ಕಥೆ ಕೆಡುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಈ ಪ್ರಕಾರ ಹುಟ್ಟಿದ್ದೇ ಬಡತನದಲ್ಲಿ. ಇರ್ನಾ ಫಿಲಿಪ್ಸ್ ಎಂಬ ಲೇಖಕಿ 1937ರಲ್ಲಿ ರೇಡಿಯೋಗೆ ‘ಗೈಡಿಂಗ್ ಲೈಟ್’ ಶುರುಮಾಡಿದಾಗ ದಿನಕ್ಕೆ ಹದಿನೈದು ನಿಮಿಷ. ಸಾಬೂನು ಕಂಪನಿಯ ದುಡ್ಡು. 1952ರಲ್ಲಿ ಅದು ಟಿ.ವಿ.ಗೆ ಬಂದಾಗಲೂ ಇದ್ದದ್ದು ಒಂದು ಅಡುಗೆಮನೆ, ಒಂದು ಮೇಜು, ಹಿನ್ನೆಲೆಗೆ ಒಂದು ಆರ್ಗನ್ ವಾದ್ಯ. 1956ರಲ್ಲಿ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಆರಂಭವಾದದ್ದು ನ್ಯಾನ್ಸಿ ಎಂಬ ಗೃಹಿಣಿ ಗಂಡನಿಗೆ ಶುಭೋದಯ ಹೇಳುವುದರಿಂದ. ಆ ಪಾತ್ರದ ಹೆಲೆನ್ ವ್ಯಾಗ್ನರ್ 2010ರಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನ್ಯಾನ್ಸಿಯಾಗಿಯೇ ಇದ್ದರು. ಬಯಲಾಟದಲ್ಲಿ ಒಂದು ಪೀಠವಿಟ್ಟು ಅದೇ ಇಂದ್ರನ ಸಭೆ ಎಂದರೆ ನಾವು ಬೆಳಗಿನ ಜಾವದವರೆಗೆ ನಂಬುವುದಿಲ್ಲವೇ? ಆದರೆ ಅಲ್ಲಿ ಪೀಠ ಒಂದೇ ಆದರೂ ಭಾಗವತರಿರುತ್ತಾರೆ, ಹಾಸ್ಯಗಾರನಿರುತ್ತಾನೆ, ಎದುರಾಳಿ ವೇಷವಿರುತ್ತದೆ. ಸಾಮಾನು ಇಲ್ಲದಿದ್ದರೆ ನಡೆದೀತು, ಜನ ಇಲ್ಲದಿದ್ದರೆ ನಡೆಯದು.

ಇದಕ್ಕೆ ‘ಗೈಡಿಂಗ್ ಲೈಟ್’ನ ಕೊನೆಗಾಲಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 2008ರಲ್ಲಿ ಅವರು ಖರ್ಚು ಉಳಿಸಲು ಸ್ಟುಡಿಯೋದ ದೊಡ್ಡ ಕ್ಯಾಮೆರಾಗಳನ್ನು ಬಿಟ್ಟು, ಕೈಯಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ಕ್ಯಾಮೆರಾಗಳೊಂದಿಗೆ ನ್ಯೂಜೆರ್ಸಿಯ ಪೀಪ್ಯಾಕ್ ಎಂಬ ಪುಟ್ಟ ಊರಿಗೆ ಹೊರಟರು. ನಿಜವಾದ ಮನೆ, ನಿಜವಾದ ರಸ್ತೆ, ನಿಜವಾದ ಮರ. ಮಗಳ ಮನೆಯೂ ನ್ಯೂಜೆರ್ಸಿಯಲ್ಲೇ ಇದ್ದುದರಿಂದ ನನಗೆ ಆ ಮರಗಳ ಪರಿಚಯವಿತ್ತು. ನೋಡಲು ತಾಜಾ ಅನಿಸಬೇಕಾಗಿತ್ತು, ಅನಿಸಿತು ಕೂಡ, ಒಂದೆರಡು ವಾರ. ಆಮೇಲೆ ಗಮನ ಕ್ಯಾಮೆರಾದ ನಡುಕಕ್ಕೆ ಹೋಯಿತು, ಮಾತಿನ ಮಧ್ಯೆ ಮೈಕಿಗೆ ಬಡಿಯುವ ಗಾಳಿಗೆ ಹೋಯಿತು. ಹೆಂಡತಿ ಗಂಡನ ದ್ರೋಹವನ್ನು ಬಯಲುಮಾಡುವ ಮಾತು ಆಡುತ್ತಿದ್ದರೆ ನನ್ನ ಕಣ್ಣು ಅವಳ ಕೆಂಪಾದ ಮೂಗಿನ ಮೇಲೆ. ಒಳಗೆ ಹೋಗಿ ಜಗಳವಾಡಬಾರದೇ ಎಂದುಕೊಂಡೆ. ಇಷ್ಟು ದೊಡ್ಡ ಬಯಲಿನಲ್ಲಿ ಅವರಿಬ್ಬರೇ. ಸೆಟ್ಟಿನ ಕೋಣೆಯಲ್ಲಿ ಇಬ್ಬರಿದ್ದರೆ ಏಕಾಂತ. ನಿಜವಾದ ಬೀದಿಯಲ್ಲಿ ಇಬ್ಬರೇ ಇದ್ದರೆ ಊರಿಗೆ ಪ್ಲೇಗ್ ಬಂದಂತೆ. 2009ರ ಸೆಪ್ಟೆಂಬರ್ 18ರಂದು, ರೇಡಿಯೋ ಕಾಲವೂ ಸೇರಿ 72 ವರ್ಷಗಳ ನಂತರ, ಅದು ನಿಂತಿತು. ಆ ಜಾಗಕ್ಕೆ ವೇಷ ಹಾಕಿಕೊಂಡು ಬಂದ ಜನ ಬಹುಮಾನ ಗೆಲ್ಲುವ ಆಟವೊಂದು ಬಂತು. ಅದಕ್ಕೆ ಪ್ರೇಕ್ಷಕರು ತಾವೇ ಬರುತ್ತಾರೆ, ತಾವೇ ಕಿರುಚುತ್ತಾರೆ. ‘ಆಲ್ ಮೈ ಚಿಲ್ಡ್ರನ್’ ಖರ್ಚು ಇಳಿಸಲೆಂದು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಮನೆ ಬದಲಿಸಿಯೂ 2011ರಲ್ಲಿ ಮುಗಿಯಿತು. ಅಲ್ಲಿಗೆ ಅಡುಗೆ ಕಾರ್ಯಕ್ರಮ ಬಂತು.

ಉಳಿದವರು ಬದುಕಿರುವುದು ವೇಗದಿಂದ. ದಿನಕ್ಕೆ ನೂರಕ್ಕೂ ಹೆಚ್ಚು ಪುಟ ಚಿತ್ರೀಕರಿಸುವುದು ‘ಜನರಲ್ ಹಾಸ್ಪಿಟಲ್’ಗೆ ಮಾಮೂಲು. ‘ಡೇಸ್’ ಅರ್ಧ ವರ್ಷಕ್ಕೂ ಮೊದಲೇ ಚಿತ್ರೀಕರಿಸಿ ಕೂಡಿಡುತ್ತದೆ. ನಮ್ಮ ಧಾರಾವಾಹಿಯವರು ಬ್ಯಾಂಕಿಂಗ್ ಎನ್ನುವುದು ಇದನ್ನೇ, ಅವರದು ಒಂದೆರಡು ವಾರದ ಉಳಿತಾಯ ಖಾತೆ, ಇದು ದೀರ್ಘಾವಧಿ ಠೇವಣಿ. ಒಂದು ಪ್ರೇಮ ಕಥೆ ಜನರಿಗೆ ಹಿಡಿಸಲಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಆ ಜೋಡಿಗೆ ಮಗುವಾಗಿ ನಾಮಕರಣದ ಚಿತ್ರೀಕರಣವೂ ಮುಗಿದಿರುತ್ತದೆ. 2020ರಲ್ಲಿ ಕೋವಿಡ್ ಬಂದು ಎಲ್ಲ ಸ್ಟುಡಿಯೋಗಳಿಗೆ ಬೀಗ ಬಿದ್ದಾಗ ಮಾತ್ರ ಈ ಠೇವಣಿ ಕೈಹಿಡಿಯಿತು. ಉಳಿದವು ಹಳೆಯ ಕಂತುಗಳನ್ನು ತಿರುವಿ ಹಾಕುತ್ತಿದ್ದಾಗ ‘ಡೇಸ್’ನ ಸೇಲಂ ಊರಿನಲ್ಲಿ ಮಾಸ್ಕಿಲ್ಲದ ಜನ ಎಂದಿನಂತೆ ತಬ್ಬಿಕೊಳ್ಳುತ್ತಿದ್ದರು. ಆ ಬೇಸಿಗೆಯಲ್ಲಿ ಮತ್ತೆ ಕೆಲಸ ಶುರುಮಾಡಿದ ‘ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್’ ಸರಸದ ದೃಶ್ಯಗಳಿಗೆ ಅಂಗಡಿಯ ಗೊಂಬೆಗಳನ್ನು ಕೂರಿಸಿತು, ಕೆಲವು ಕಡೆ ನಟರ ನಿಜವಾದ ಗಂಡ ಹೆಂಡಿರನ್ನೇ ಕರೆತಂದಿತು. ಗೊಂಬೆಗೆ ಯಾವ ದರವೆಂದು ಸಂಘದ ಒಪ್ಪಂದದಲ್ಲಿ ಬರೆದಿರಲಾರದು.

ನಮ್ಮ ಕನ್ನಡ ಧಾರಾವಾಹಿಗಳಿಗೂ ಲೆಕ್ಕವುಂಟು. ಆದರೆ ನಮ್ಮವರು ಜನರನ್ನು ಕಡಿಮೆ ಮಾಡುವುದಿಲ್ಲ, ಹಂಚಿಕೊಳ್ಳುತ್ತಾರೆ. ಮಹಾಸಂಗಮ ಎಂದು ಎರಡು ಧಾರಾವಾಹಿಯ ಕುಟುಂಬಗಳನ್ನು ಒಂದೇ ಮದುವೆ ಮನೆಗೆ ತರುವುದಿದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಚಪ್ಪರ ಒಂದು, ಹೂವಿನ ಅಲಂಕಾರ ಒಂದು, ನೆಂಟರು ಎರಡು ಪಟ್ಟು. ವಾರವಿಡೀ ಅರಿಸಿನ ಕಲಸುತ್ತಲೇ ಇರುತ್ತಾರೆ, ಅದು ಬೇರೆ ಮಾತು.

2025ರ ಫೆಬ್ರವರಿಯಲ್ಲಿ ಅಮೆರಿಕದ ಸಿ.ಬಿ.ಎಸ್. ವಾಹಿನಿ ‘ಬಿಯಾಂಡ್ ದ ಗೇಟ್ಸ್’ ಎಂಬ ಹೊಸ ಹಗಲು ಧಾರಾವಾಹಿ ಶುರುಮಾಡಿತು. 1999ರ ‘ಪ್ಯಾಷನ್ಸ್’ ನಂತರ ದೊಡ್ಡ ವಾಹಿನಿಯೊಂದರಲ್ಲಿ ಹುಟ್ಟಿದ ಮೊದಲ ಹೊಸ ಹಗಲು ಧಾರಾವಾಹಿ ಅದು. ಕಪ್ಪು ಜನಾಂಗದ ಸಿರಿವಂತ ಕುಟುಂಬದ ಕಥೆ, ಚಿತ್ರೀಕರಣ ಅಟ್ಲಾಂಟಾ ಬಳಿ. ಹಿಂದೆ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಇದ್ದ ಮಧ್ಯಾಹ್ನ ಎರಡರ ಹೊತ್ತಿಗೇ ಬರುತ್ತದೆ, ಹಿಂದೆ ಸಾಬೂನಿನ ದುಡ್ಡು ಹಾಕಿದ್ದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದಕ್ಕೂ ಪಾಲುದಾರ. ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಾನು ವಿಚಾರಿಸಿದ್ದು ಒಂದೇ, ಅಜ್ಜ ಅಜ್ಜಿ ಇದ್ದಾರೆಯೇ ಎಂದು. ಇದ್ದಾರಂತೆ. ಅಜ್ಜಿ ಅನಿತಾ ಹಿಂದೆ ಹೆಸರಾಂತ ಹಾಡುಗಾರ್ತಿ, ಅಜ್ಜ ಸೆನೆಟರ್ ಆಗಿದ್ದವರು, ಹೆಣ್ಣುಮಕ್ಕಳು ಮೊಮ್ಮಕ್ಕಳು ಎಲ್ಲ ಅವರ ಕಣ್ಣಳತೆಯಲ್ಲೇ ಹಾಳಾಗುತ್ತಿದ್ದಾರಂತೆ. ಒಳ್ಳೆಯ ಆರಂಭ. ಅನಿತಾ ಅಜ್ಜಿಯನ್ನು ಯಾವ ವರ್ಷ ಸ್ವಿಟ್ಜರ್ಲೆಂಡಿಗೆ ಕಳುಹಿಸುತ್ತಾರೋ ನೋಡುತ್ತಿರು ಎಂದು ಮಗಳಿಗೆ ಹೇಳಿಟ್ಟಿದ್ದೇನೆ.