ಹಿಡಿದ ಮೇಲೆ ಕೂತು ಮಾತಾಡಬೇಕು

ಬೆಂಗಳೂರಿನ ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್ ಆಗಿದ್ದ ನನ್ನನ್ನು ಎಲ್ಲರೂ ‘ಬ್ರದರ್’ ಅಂತ ಕರೆಯುತ್ತಿದ್ದರು. ಈಗ ನಾನು ಕೆಲಸ ಮಾಡುವ ಇಂಗ್ಲೆಂಡಿನಲ್ಲಿ ರೋಗಿಗಳು ಹೆಸರು ಹಿಡಿದೇ ಕರೆಯುತ್ತಾರೆ. ಅದು ಒಂದೇ ವಾರದಲ್ಲಿ ರೂಢಿಯಾಯಿತು. ಹಾಸಿಗೆ ಪಕ್ಕ ಮನೆಯವರು ಇಲ್ಲದ್ದು ಮಾತ್ರ ಇನ್ನೂ ರೂಢಿಯಾಗಿಲ್ಲ.

ಅಲ್ಲಿ ಅಮ್ಮನೋ ಅಣ್ಣನೋ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ‘ಇವತ್ತು ಯಾಕೋ ಅವನ ಮುಖ ಸರಿ ಇಲ್ಲ ಬ್ರದರ್’ ಅಂತ ಮೊದಲು ಹೇಳುತ್ತಿದ್ದವರೇ ಅವರು. ಇಲ್ಲಿ ಮನೆಯವರು ಭೇಟಿಯ ಹೊತ್ತಿಗೆ ಬಂದು ಹೋಗುತ್ತಾರೆ. ಆ ಮುಖವನ್ನು ನಾವೇ ಓದಬೇಕು, ಹೊಸಬರಾಗಿ.

ಆದರೆ ಒಂದು ವಿಷಯವನ್ನು ನಾನು ಇಲ್ಲೇ ಕಲಿತೆ. 2010ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಒಲಾಸೇನಿ ಲೂಯಿಸ್ ಎಂಬ 23 ವರ್ಷದ ಹುಡುಗನನ್ನು ಪೊಲೀಸರು ಒತ್ತಿ ಹಿಡಿದರು. ಅವನು ಉಳಿಯಲಿಲ್ಲ. ಅವನ ಮನೆಯವರ ಹೋರಾಟದಿಂದ 2018ರಲ್ಲಿ ಕಾಯ್ದೆ ಬಂತು. ಈಗ ರೋಗಿಯನ್ನು ಬಲವಂತವಾಗಿ ಹಿಡಿದರೆ ಅದನ್ನು ದಾಖಲಿಸಬೇಕು. ನಮ್ಮ ವಾರ್ಡಿನಲ್ಲಿ ಬರೆದಿಟ್ಟು ಸುಮ್ಮನಾಗುವುದಿಲ್ಲ. ಆ ಶಿಫ್ಟ್ ಮುಗಿಯುವ ಮುಂಚೆ ಇಪ್ಪತ್ತು ನಿಮಿಷ ಕೂರುತ್ತೇವೆ. ಎಲ್ಲಿ ಮಾತು ಜೋರಾಯಿತು, ಯಾರಿಗೆ ಭಯವಾಯಿತು ಅಂತ ಕೇಳಿಕೊಳ್ಳುತ್ತೇವೆ. ಮನೆಗೆ ಹೋಗುವ ರಜೆ ರದ್ದಾಯಿತು ಅಂತ ರೋಗಿಗೆ ಕೌಂಟರಿನಿಂದಲೇ ಕೂಗಿ ಹೇಳಿದ್ದಕ್ಕೆ ಎಷ್ಟು ಜಗಳ ಹತ್ತಿಕೊಂಡಿವೆ ಅಂತ ಹೊಳೆದದ್ದು ಹೀಗೆ ಕೂತಾಗಲೇ. ಈಗ ಪಕ್ಕಕ್ಕೆ ಕರೆದು, ಚಹಾ ಕೊಟ್ಟು, ಮೆಲ್ಲಗೆ ಹೇಳುತ್ತೇವೆ.

ಬೆಂಗಳೂರಿನಲ್ಲಿ ಒಂದು ರಾತ್ರಿ, ಇಡೀ ವಾರ್ಡಿಗೆ ನಾನೊಬ್ಬನೇ ಇದ್ದಾಗ, ಒಬ್ಬ ಹುಡುಗನ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದೆ. ಬೆಳಗ್ಗೆ ಅವನ ಅಮ್ಮ ಕೆಂಪಾದ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಸ್ ಹತ್ತಿ ಮನೆಗೆ ಹೋದೆ. ಆ ಎಣ್ಣೆಯ ವಾಸನೆ ಇವತ್ತಿಗೂ ಕಾಡುತ್ತದೆ.

2018ರಲ್ಲಿ ಭಾರತದಲ್ಲೂ ಹೊಸ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂತು. ಸರಪಳಿ ಹಾಕುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಕಟ್ಟಬಹುದು. ಒಳ್ಳೆಯ ಕಾಯ್ದೆ. ಆದರೆ ಇಷ್ಟು ವರ್ಷ ಕಟ್ಟಿ ರೂಢಿಯಾದ ಕೈಗಳು ಆದೇಶ ಓದಿದ ಮಾತ್ರಕ್ಕೆ ಬದಲಾಗುತ್ತವಾ? ರಾತ್ರಿಗೆ ಇನ್ನೊಬ್ಬ ನರ್ಸ್ ಬೇಕು. ಆ ಇಪ್ಪತ್ತು ನಿಮಿಷವೂ ಬೇಕು, ಸಂಬಳದ ಅವಧಿಯಲ್ಲೇ. ಹೊರದೇಶದಿಂದ ತರಬೇಕಾದ್ದು ಇದೊಂದೇ. ಚಾಪೆಯನ್ನು ಮಾತ್ರ ದಯವಿಟ್ಟು ಎತ್ತಿಸಬೇಡಿ.

ಇಲ್ಲಿ, ಇಂಗ್ಲೆಂಡಿನಲ್ಲಿ, ನಾನು ಕೇಳುತ್ತಿರುವುದು ಆ ಚಾಪೆಯಂಥದ್ದನ್ನೇ. ರೋಗಿ ಒಪ್ಪಿದರೆ (ಕೆಲವರಿಗೆ ಮನೆಯವರೇ ಭಯ, ಅದಕ್ಕೆ ಮೊದಲು ಅವರನ್ನೇ ಕೇಳಬೇಕು) ಮೊದಲ ಎರಡು ರಾತ್ರಿ ಮನೆಯವರೊಬ್ಬರಿಗೆ ಹಾಸಿಗೆ ಪಕ್ಕ ಒಂದು ಕುರ್ಚಿ ಹಾಕಿಕೊಡೋಣ ಅಂತ ಮ್ಯಾನೇಜರಿಗೆ ಬರೆದಿದ್ದೇನೆ.