ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅನ್ನುವವರಿಗೆ

ಇವತ್ತು ಸಿಟ್ಟು ನೆತ್ತಿಗೇರಿದೆ. ಬರೆದೇ ಮಲಗುವುದು. ವೈಫೈ ಗೋಳು ಕೇಳಲಾಗದವರು ಮುಂದಕ್ಕೆ ಸರಿಸಿಕೊಂಡು ಹೋಗಬಹುದು, ಬೇಜಾರಿಲ್ಲ.

ದಾವಣಗೆರೆ ವಿದ್ಯಾನಗರದಲ್ಲಿರುವ ತಂಗಿ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಮಗಳು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಕಟ್ಟಡದ ನಕ್ಷೆ ಬರೆಯುವ ಕೆಲಸ. ನಾನು ಕೈ ತೊಳೆದು ಕೂರುವ ಹೊತ್ತಿಗೆ ರೂಮಿನಿಂದ ಕೂಗು: 'ಅಯ್ಯೋ, ಮತ್ತೆ ಹೋಯ್ತು!' ಮೀಟಿಂಗ್ ನಡುವೆ ಲ್ಯಾಪ್‌ಟಾಪಿನ ನೆಟ್ ನಿಂತಿತ್ತು. ಶುರುವಾಯಿತು ನೋಡಿ ಕಸ್ಟಮರ್ ಕೇರ್ ಪೂಜೆ. ಸ್ಪೀಕರ್ ಹಾಕಿದ್ದಳು, ಮನೆಮಂದಿಗೆಲ್ಲ ಪ್ರಸಾದ. ಭಾಷೆಗೊಂದು ನಂಬರ್ ಒತ್ತಿ, ದೂರಿಗೊಂದು ನಂಬರ್ ಒತ್ತಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ, ಅಲ್ಲಿಯವರೆಗೆ ಸಂಗೀತ ಕೇಳಿ. ಕೊನೆಗೂ ಒಬ್ಬ ಹುಡುಗ ಸಿಕ್ಕಿದ. ಅವಳು ಪೂರ್ತಿ ಹೇಳುವ ಮೊದಲೇ, 'ಮೇಡಂ, ಒಂದು ಸಲ ಬಾಕ್ಸ್ ಆಫ್ ಮಾಡಿ ಆನ್ ಮಾಡಿ.' ಬಾಕ್ಸ್ ಅಂದರೆ ವೈಫೈ ರೂಟರ್.

ಮಾಡಿದಳು. ಬಂತು. 'ಬಂತಲ್ವಾ ಮೇಡಂ? ಬೇರೇನಾದ್ರೂ ಸಹಾಯ ಬೇಕಿತ್ತಾ?' ಇಟ್ಟುಬಿಟ್ಟ. ನನ್ನ ತಟ್ಟೆಗೆ ಅನ್ನ ಬೀಳುವಷ್ಟರಲ್ಲಿ ನೆಟ್ ಮತ್ತೆ ಹೋಗಿತ್ತು.

ವಿಚಾರಿಸಿದರೆ ಇದು ಇವತ್ತಿನ ಕಥೆ ಅಲ್ಲವಂತೆ. ಕಂಪನಿಯ ಹುಡುಗ ಮನೆಗೇ ಬಂದು ನೋಡಿ, 'ಪ್ಲಾನ್ ಸಾಲ್ತಿಲ್ಲ ಮೇಡಂ, 200 ಎಂಬಿಪಿಎಸ್ ಸ್ಪೀಡಿನದು ಹಾಕಿಸಿಕೊಳ್ಳಿ' ಅಂದಿದ್ದ. ಹಾಕಿಸಿಕೊಂಡರು. ಲ್ಯಾಪ್‌ಟಾಪ್ ಅಂಗಡಿಯವನು ಫಾರ್ಮ್ಯಾಟ್ ಹೊಡೆಸಬೇಕು ಅಂದ. ಹೊಡೆಸಿದರು. ಆಫೀಸಿನ ಐಟಿಯವರು ವಿಪಿಎನ್, ಅಂದರೆ ಆಫೀಸಿನ ನೆಟ್‌ವರ್ಕಿಗೆ ಗುಟ್ಟಾಗಿ ಸೇರಿಸುವ ಸಾಫ್ಟ್‌ವೇರ್, ತೆಗೆದು ಮತ್ತೆ ಹಾಕಿದರು. ನಮ್ಮ ಭಾವನವರು 'ಹೊಸ ಲ್ಯಾಪ್‌ಟಾಪೇ ತಗೊಂಡ್ಬಿಡು' ಅಂತ ತಮ್ಮ ತೀರ್ಪು ಕೊಟ್ಟರು. ಎಲ್ಲರೂ ಏನೋ ಒಂದು ಮಾಡಿದ್ದಾರೆ. ಹೋಗುವುದು ಎಲ್ಲಿಂದ ಎಲ್ಲಿಯವರೆಗೆ, ಯಾವಾಗ, ಯಾವುದರಲ್ಲಿ ಅಂತ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ.

ನನ್ನ ಸಿಟ್ಟು ಇಷ್ಟೇ. ಕೇಳುವುದಿಲ್ಲ. ಯಾರೂ ಕೇಳುವುದಿಲ್ಲ.

ನಾನು ಎಲ್ಲಿ ಸವೆದವನು ಅಂತ ನಿಮಗೆ ಗೊತ್ತೇ ಇದೆ. ಟೆಲಿಫೋನ್ ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕ್. ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ಬೈಯುತ್ತಿದ್ದ ಹಳಬರು ಈ ಲಿಸ್ಟಿನಲ್ಲೇ ಇದ್ದಾರೆ, ನಮಸ್ಕಾರ. ದೂರು ಬರುತ್ತಿದ್ದದ್ದು ಒಂದೇ ಮಾತಿನಲ್ಲಿ: ಫೋನ್ ಡೆಡ್. ಆದರೆ ಡೆಡ್ ಅಂದ ತಕ್ಷಣ ಯಾರೂ ಕಂಬ ಹತ್ತುತ್ತಿರಲಿಲ್ಲ. ಮೊದಲು ಎಂಡಿಎಫ್ (ಊರಿನ ಲೈನುಗಳೆಲ್ಲ ಎಕ್ಸ್‌ಚೇಂಜಿಗೆ ಬಂದು ಸೇರುವ ಚೌಕಟ್ಟು) ಹತ್ತಿರ ಹೋಗಿ ಆ ನಂಬರಿನ ಹೊರಗಡೆ ಲೈನ್ ಬಿಡಿಸಿ, ಒಳಗಡೆ ಡಯಲ್ ಟೋನ್ ಇದೆಯಾ ಅಂತ ಕೇಳಬೇಕು. ಇದ್ದರೆ ಎಕ್ಸ್‌ಚೇಂಜ್ ಪಾಪ ಮಾಡಿಲ್ಲ, ತೊಂದರೆ ಹೊರಗಿದೆ. ಆಮೇಲೆ ಬೀದಿಬದಿಯ ಪಿಲ್ಲರ್ ಪೆಟ್ಟಿಗೆ. ಆಮೇಲೆ ಮನೆಮನೆಗೆ ಲೈನ್ ಒಡೆಯುವ ಡಿಪಿ ಬಾಕ್ಸ್. ಆಮೇಲೆ ಮನೆಯೊಳಗೆ ಫೋನ್ ಚುಚ್ಚುವ ರೋಸೆಟ್. ಕೊನೆಗೆ ಫೋನು. ಉದ್ದದ ಲೈನನ್ನು ತುಂಡು ತುಂಡು ಮಾಡಿ ನೋಡುತ್ತಾ ಹೋಗುವುದು. ಯಾವ ತುಂಡಿನಲ್ಲಿ ಅಂತ ಗೊತ್ತಾದ ಮೇಲೆ ಉಳಿದದ್ದು ಕೈಕೆಲಸ.

ವೈಫೈಗೂ ಬೇರೆ ದಾರಿ ಇಲ್ಲ ಸ್ವಾಮಿ. ಲ್ಯಾಪ್‌ಟಾಪಿನಿಂದ ಬಾಕ್ಸಿನವರೆಗೆ ಗಾಳಿ, ಅದೊಂದು ತುಂಡು. ಬಾಕ್ಸಿನಿಂದ ಕಂಪನಿಯವರೆಗೆ ಫೈಬರ್, ಅದೊಂದು ತುಂಡು. ಅಲ್ಲಿಂದಾಚೆ ಪ್ರಪಂಚ. 'ನೆಟ್ ಹೋಯ್ತು' ಅನ್ನುವ ಒಂದೇ ಮಾತಿನಲ್ಲಿ ಇಷ್ಟೂ ಅಡಗಿದೆ. ಫೈಬರಿಗೆ ಬೇನೆ ಬಂದಿದ್ದರೆ ಪ್ಲಾನ್ ಬದಲಿಸಿ ಏನು ಮಾಡುತ್ತೀರಿ? ಗಾಳಿಗೆ ಬೇನೆ ಬಂದಿದ್ದರೆ 200 ಅಲ್ಲ, 500 ಹಾಕಿಸಿ, ಅದು ಬಾಕ್ಸಿನವರೆಗೆ ಬಂದು ಅಲ್ಲೇ ಕಾಲು ಚಾಚಿ ಕೂರುತ್ತದೆ. ಅಂದಹಾಗೆ ಒಂದು ವಿಡಿಯೊ ಮೀಟಿಂಗಿಗೆ ನಾಲ್ಕು ಎಂಬಿಪಿಎಸ್ ನಿಲ್ಲದೆ ಬಂದರೆ ಧಾರಾಳ. ಈ ಮನೆಯಲ್ಲಿ ಮೊದಲೇ ನೂರು ಇತ್ತು.

ಊಟ ಅರ್ಧಕ್ಕೆ ಬಿಟ್ಟೆ. ತಂಗಿ ಬೈದಳು, ಬೈಯಲಿ. ಸೋದರಸೊಸೆಯ ರೂಮಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದೆ, ಆ ಕಪ್ಪು ಕಿಟಕಿ. ಒಂದಲ್ಲ, ಎರಡು. ಒಂದರಲ್ಲಿ ಮನೆಯ ಬಾಕ್ಸಿಗೆ ನಿಲ್ಲದ ಹಾಗೆ ಪಿಂಗ್ ಹಾಕಿದೆ ('ಇದ್ದೀಯಾ' ಅಂತ ಕೂಗಿ, ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅಳೆಯುವುದು), ಇವರ ಮನೆಯಲ್ಲಿ ಅದರ ವಿಳಾಸ 192.168.1.1. ಇನ್ನೊಂದರಲ್ಲಿ 8.8.8.8ಕ್ಕೆ, ಅದು ಗೂಗಲ್‌ನವರ ಸರ್ವರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾ ಕೂರುವುದು, ಅಷ್ಟೇ ವಿದ್ಯೆ. ಬಾಕ್ಸು ಚೆನ್ನಾಗಿ ಉತ್ತರ ಕೊಡುತ್ತಾ ಇದ್ದು ಗೂಗಲ್ ಮಾತ್ರ ನಿಂತರೆ ಕಂಪನಿಯ ಲೈನಿನಲ್ಲಿ ತೊಂದರೆ, ಧೈರ್ಯವಾಗಿ ಜಗಳ ಮಾಡಿ. ಬಾಕ್ಸೇ ಉತ್ತರ ಕೊಡದೆ ಇದ್ದರೆ ತೊಂದರೆ ಮನೆಯೊಳಗೇ ಇದೆ, ಬಾಕ್ಸೇ ಕೆಟ್ಟಿಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಎರಡೂ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ಸೋ (ವೆಬ್‌ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆ), ಆಫೀಸಿನ ವಿಪಿಎನ್ನೋ ನೋಡಬೇಕು.

ಇಲ್ಲಿ ಬಾಕ್ಸೇ ಮುನಿಸಿಕೊಂಡಿತ್ತು. ಎರಡು ಮಿಲಿಸೆಕೆಂಡು, ಮೂರು, ಎರಡು, ನೂರಾ ಎಂಬತ್ತು, ಆಮೇಲೆ ಸಾಲಾಗಿ 'ರಿಕ್ವೆಸ್ಟ್ ಟೈಮ್ಡ್ ಔಟ್', ಅಂದರೆ ಉತ್ತರವೇ ಇಲ್ಲ. ಮಜಾ ಏನು ಗೊತ್ತಾ? ಅವಳ ಫೋನು ಅದೇ ಮೇಜಿನ ಮೇಲಿತ್ತು. ಅದೇ ವೈಫೈ. ಅದರಲ್ಲಿ ವಿಡಿಯೊ ಬೆಣ್ಣೆ ಸವರಿದಷ್ಟು ಸಲೀಸು. ಅಂದರೆ ಬಾಕ್ಸು ಸರಿ ಇದೆ, ಫೈಬರ್ ಸರಿ ಇದೆ. ರೋಗ ಇರುವುದು ಲ್ಯಾಪ್‌ಟಾಪಿನಲ್ಲಿ ಅಥವಾ ಅದರ ಮಗ್ಗುಲಲ್ಲಿ.

ಮೊದಲು ಡಿವೈಸ್ ಮ್ಯಾನೇಜರಿಗೆ ಹೋಗಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ನೋಡಿದೆ. ಬ್ಯಾಟರಿ ಉಳಿಸಲು ಕಾರ್ಡನ್ನು ಮಲಗಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಒಂದು ಟಿಕ್ ಇರುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕಳ್ಳ. ತೆಗೆದೆ. ಇಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಕಾರ್ಡ್ ನಡೆಸುವ ಸಾಫ್ಟ್‌ವೇರ್, ಅದೇ ಡ್ರೈವರ್, ಹೊಸದೇ ಇತ್ತು, ಫಾರ್ಮ್ಯಾಟ್ ಹೊಡೆಸಿದ ಪುಣ್ಯ.

ಆಗ ಕೇಳಿದೆ. 'ಏನವ್ವಾ, ಯಾವಾಗ್ಲೂ ಹಿಂಗೇನಾ?'

'ಇಲ್ಲ ಮಾಮಾ. ರಾತ್ರಿ ಹಾಸಿಗೆ ಮೇಲೆ ಸಿನಿಮಾ ನೋಡೋವಾಗ ಒಂದು ಸಲಾನೂ ಹೋಗಲ್ಲ. ಕೆಲಸಕ್ಕೆ ಕೂತಾಗ್ಲೇ ಕೈಕೊಡೋದು. ಅವತ್ತು ಅವನು ನೋಡೋಕೆ ಬಂದಾಗ ಹಾಲಿಗೆ ತಗೊಂಡೋಗಿ ತೋರ್ಸಿದ್ರೆ ಚೆನ್ನಾಗೇ ಬಂತು. ನನ್ ಮುಖಾನೇ ನೋಡಿದ.'

ಈ ಮಾತು ಅವಳ ಬಾಯಲ್ಲಿ ಅಷ್ಟು ದಿನದಿಂದ ಕಾಯುತ್ತಾ ಕೂತಿತ್ತು. ಕೇಳಿದ್ದರೆ ಯಾರಿಗಾದರೂ ಹೇಳುತ್ತಿದ್ದಳು.

ಹಾಸಿಗೆ ಮೇಲೆ ಇಲ್ಲದ್ದು ಮೇಜಿನ ಮೇಲೆ ಏನಿದೆ? ಕಣ್ಣಾಡಿಸಿದೆ. ಅವಳದು ತೆಳ್ಳನೆ ಲ್ಯಾಪ್‌ಟಾಪ್, ಚುಚ್ಚಲು ತೂತುಗಳೇ ಕಡಿಮೆ. ಹಾಗಾಗಿ ಎಡಗಡೆ ಒಂದು ಯುಎಸ್‌ಬಿ ಹಬ್. ಹಬ್ಬಿಗೆ ದೊಡ್ಡ ಮಾನಿಟರ್ರು, ಮೌಸಿನ ಪುಟ್ಟ ಗುಬುಟು, ನಕ್ಷೆಗಳಿರುವ ಹಾರ್ಡ್ ಡಿಸ್ಕು. ಹಾರ್ಡ್ ಡಿಸ್ಕಿನ ವೈರ್ ಗೇಣುದ್ದ. ಹಬ್ಬೂ ಡಿಸ್ಕೂ ಎರಡೂ ಲ್ಯಾಪ್‌ಟಾಪಿನ ಮೈಗೆ ಅಂಟಿಕೊಂಡೇ ಇದ್ದವು. ಹಾರ್ಡ್ ಡಿಸ್ಕ್ ಸೇಫಾಗಿ ತೆಗೆಯಲು ಹೇಳಿದೆ. ತೆಗೆದಳು. ಕಪ್ಪು ಕಿಟಕಿಯಲ್ಲಿ ಎರಡು, ಮೂರು, ಎರಡು, ಎರಡು. ಮತ್ತೆ ಚುಚ್ಚಿ ಒಂದು ದೊಡ್ಡ ಫೈಲ್ ಕಾಪಿ ಹಾಕಿಸಿದೆ. ಟೈಮ್ಡ್ ಔಟ್, ಟೈಮ್ಡ್ ಔಟ್. ತೆಗೆದರೆ ಎರಡು, ಮೂರು. ತಂಗಿಯೂ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಭಾವನವರೂ ಬಂದರು.

ಇದು ಮಾಟಮಂತ್ರ ಅಲ್ಲ. ಈ ಹಬ್ಬೂ ಡಿಸ್ಕೂ ಬಳಸುವ ಯುಎಸ್‌ಬಿ 3 ಅನ್ನುವ ಜೋಡಣೆ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಅಷ್ಟು ವೇಗಕ್ಕೆ ಅದರ ವೈರು, ಕನೆಕ್ಟರುಗಳಿಂದ ರೇಡಿಯೊ ಗದ್ದಲ ಸೋರುತ್ತದೆ. ಆ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡಿಕೊಳ್ಳುತ್ತದೆ, ವೈಫೈ ಓಡಾಡುವ ಜಾಗದಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಪರೀಕ್ಷೆ ಮಾಡಿ ಬರೆದು ಹಾಕಿದೆ. ಅವಳ ರೂಮಿಗೂ ಬಾಕ್ಸಿಗೂ ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. ಬಾಕ್ಸಿನ ದನಿ ಅಷ್ಟು ದೂರದಿಂದ ಸಣ್ಣಗೆ ಬರುತ್ತಿದೆ, ಕಿವಿ ಪಕ್ಕದಲ್ಲೇ ಈ ಗದ್ದಲ. ಮದುವೆ ಮನೆಯಲ್ಲಿ ವಾಲಗದವರ ಮಗ್ಗುಲಲ್ಲಿ ನಿಂತು, ಅಡುಗೆಮನೆಯಿಂದ ಯಾರೋ ಕರೆದದ್ದು ಕೇಳಿಸಿಕೊಳ್ಳುವ ಹಾಗೆ. ಹಾಲಿಗೆ ಹೋದರೆ ಬಾಕ್ಸಿನ ದನಿಯೇ ಜೋರು, ಹಬ್ಬೂ ಕಳಚಿರುತ್ತದೆ. ಇನ್ನೇನು ತೊಂದರೆ ಕಾಣುತ್ತದೆ ಆ ಹುಡುಗನಿಗೆ?

ಇನ್ನು ಈ 2.4 ಅನ್ನುವುದು ಸಂತೆ. ಅದಕ್ಕೆ ಲೈಸೆನ್ಸ್ ಬೇಡ ಅಂತ ನಮ್ಮ ದೇಶದಲ್ಲಿ 2005ರಲ್ಲೇ ಆದೇಶ ಆಯಿತು. ಒಳ್ಳೆಯದೇ ಆಯಿತು, ಅದಿಲ್ಲದಿದ್ದರೆ ಮನೆಮನೆಗೆ ವೈಫೈ ಎಲ್ಲಿ ಬರುತ್ತಿತ್ತು. ಆದರೆ ಈಗ ಬ್ಲೂಟೂತ್ ಅಲ್ಲೇ, ವೈರಿಲ್ಲದ ಮೌಸ್ ಅಲ್ಲೇ, ಮೈಕ್ರೋವೇವ್ ಒಲೆ ಉರಿಯುವುದೂ ಅಲ್ಲೇ, ಪಕ್ಕದ ಮನೆ, ಮೇಲಿನ ಮನೆ ಎಲ್ಲರ ಬಾಕ್ಸುಗಳೂ ಅಲ್ಲೇ. ಒಂದರ ಮೇಲೊಂದು ಬೀಳದೆ ಇರುವ ಚಾನೆಲ್ಲುಗಳು ಅಂತ ಇರುವುದು ಮೂರು, 1, 6, 11. ಇಡೀ ಬೀದಿ ಆ ಮೂರರಲ್ಲಿ ಸಂಸಾರ ಮಾಡಬೇಕು.

ವೈಫೈಗೆ 5 ಗಿಗಾಹರ್ಟ್ಸ್ ಅನ್ನುವ ಇನ್ನೊಂದು ದಾರಿ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಬಾಕ್ಸಿನಲ್ಲಿ ಎರಡೂ ಇವೆ. ಆದರೆ ಎರಡಕ್ಕೂ ಒಂದೇ ಹೆಸರು ಇಟ್ಟು ಹೋಗಿದ್ದಾರೆ. ದೂರ ಇರುವ ಲ್ಯಾಪ್‌ಟಾಪ್ ಗೋಡೆ ದಾಟಿ ಬರುವ 2.4 ಅನ್ನೇ ಹಿಡಿದುಕೊಂಡು ಕೂತಿದೆ. ಫೋನ್ ಜಾಣತನದಿಂದ ಐದನ್ನು ಹಿಡಿದಿದೆ. ಭಾವನವರಿಗೆ ಇದನ್ನು ಹೇಳಿದರೆ, 'ನಮ್ಮೂರಿಗೆ 5ಜಿ ಬಂದು ಎಷ್ಟೋ ದಿನ ಆಯ್ತಲ್ಲ' ಅಂದರು. ಅದು ಮೊಬೈಲಿನ ಐದನೇ ತಲೆಮಾರು, ಇದು ವೈಫೈ ಅಲೆಯ ಅಳತೆ, ಎರಡಕ್ಕೂ ನೆಂಟಸ್ತಿಕೆ ಇಲ್ಲ ಅಂತ ಹೇಳಲು ಬಾಯಿ ತೆರೆದೆ. ತಂಗಿ ಕಣ್ಣುಬಿಟ್ಟಳು. ಮುಚ್ಚಿಕೊಂಡೆ.

ಈಗ ನನ್ನ ಗೆಳೆಯರೊಬ್ಬರು ಕಾಮೆಂಟ್ ಹಾಕುತ್ತಾರೆ, ನನಗೆ ಗೊತ್ತು. 'ಆ ಹುಡುಗರದ್ದೇನು ತಪ್ಪು? ದಿನಕ್ಕೆ ಎಷ್ಟೋ ಕರೆ, ಮುಂದೆ ಬರೆದಿಟ್ಟ ಚೀಟಿ, ಅದನ್ನು ಓದಬೇಕು. ಅಲ್ಲದೆ ಆಫ್ ಆನ್ ಮಾಡಿದರೆ ಹತ್ತರಲ್ಲಿ ಎಂಟು ಸಲ ಸರಿ ಹೋಗುತ್ತದೆ.' ಹೋಗುತ್ತದೆ ಸ್ವಾಮಿ, ಇಲ್ಲ ಅಂದವರು ಯಾರು? ಬಾಕ್ಸಿನ ತಲೆ ಕೆಟ್ಟಿದ್ದರೆ ತಿಳಿಯಾಗುತ್ತದೆ. ಆನ್ ಆಗುವಾಗ ಬೇರೆ ಚಾನೆಲ್ ಹುಡುಕಿಕೊಳ್ಳಲೂಬಹುದು. ಆದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಯಿತೇ? ಇಲ್ಲ. ಇದ್ದ ಸುಳಿವೂ ಅಳಿಸಿ ಹೋಯಿತು. ನಾಳೆ ಹೋದಾಗ ಮತ್ತೆ ಮೊದಲಿಂದ. ಆಫ್ ಮಾಡುವ ಮೊದಲು 'ಫೋನಿನಲ್ಲಿ ಬರ್ತಿದೆಯಾ ಮೇಡಂ?' ಅಂತ ಒಂದೇ ಪ್ರಶ್ನೆ ಆ ಚೀಟಿಯ ಮೇಲೆ ಬರೆದಿಟ್ಟರೆ ಕಂಪನಿಯ ಗಂಟು ಏನು ಹೋಗುತ್ತದೆ? ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಚೀಟಿ ಬರೆದವನು ಕೈಗೆ ಸಿಗಲಿ. ದೂರು ಬೇಗ ಮುಚ್ಚಿದರೆ ಶಭಾಶ್ ಸಿಗುವ ಕಡೆ, ದೂರು ಯಾಕೆ ಬಂತು ಅಂತ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ.

ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಕನೆಕ್ಷನ್ನಿಗೆ ವರ್ಷಗಟ್ಟಲೆ ಕಾದವರು ಇಲ್ಲೇ ಇದ್ದೀರಿ, ಚಪ್ಪಲಿ ಬೀಳುತ್ತದೆ. ಮಳೆ ಬಂದರೆ ಅರ್ಧ ಊರಿನ ಫೋನ್ ಸಾಯುತ್ತಿತ್ತು. ಆದರೆ ಯಾವ ಕಂಬದ ಹತ್ತಿರ ಸತ್ತಿದೆ ಅಂತ ಸಂಜೆಯೊಳಗೆ ನಮಗೆ ಗೊತ್ತಿರುತ್ತಿತ್ತು. ರಿಪೇರಿ ಆಗುವುದು ಯಾವಾಗ ಅನ್ನುವುದು ಬೇರೆ ವಿಷಯ, ಅದನ್ನು ಇಲ್ಲಿ ಎತ್ತಬೇಡಿ.

ನಿಜ ಹೇಳಲಾ? ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮಗ ಅವನ ಫೋನ್ ಕೆಟ್ಟರೂ ಯೂಟ್ಯೂಬ್ ಕೇಳುತ್ತಾನೆ. ಆ ಕಪ್ಪು ಕಿಟಕಿಯ ಮುಂದೆ ಕೂತು ಸಾಲುಗಳು ಓಡುವುದನ್ನು ನೋಡುತ್ತಾ ಇದ್ದಾಗ ಕಿವಿಯಲ್ಲಿ ಡಯಲ್ ಟೋನ್ ಕೇಳಿದ ಹಾಗಾಯಿತು. ತೊಂದರೆ ಇನ್ನೂ ಸ್ವಲ್ಪ ಹೊತ್ತು ಸಿಗದೇ ಇರಲಿ ಅಂತಲೂ ಅನ್ನಿಸಿತು. ಸಿಟ್ಟಿನ ಬರಹದಲ್ಲಿ ಇದು ಯಾಕೆ ಬಂತೋ, ಇರಲಿ ಬಿಡಿ.

ರಿಪೇರಿ ಅಂತ ಮಾಡಿದ್ದು ಇಷ್ಟು. ಬಾಕ್ಸು ಟಿವಿಯ ಹಿಂದೆ ಧೂಳಿನಲ್ಲಿ ಹುದುಗಿತ್ತು, ಎತ್ತಿ ಶೆಲ್ಫಿನ ಮೇಲಿಟ್ಟೆವು, ಫೈಬರ್ ಮಡಚದ ಹಾಗೆ. 2.4, 5 ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟು ಲ್ಯಾಪ್‌ಟಾಪನ್ನು ಐದಕ್ಕೆ ಕಟ್ಟಿ ಹಾಕಿದೆ. ಹಬ್ಬಿಗೂ ಹಾರ್ಡ್ ಡಿಸ್ಕಿಗೂ ಉದ್ದದ ಒಳ್ಳೆ ವೈರ್ ತರಿಸಿ, ಎರಡನ್ನೂ ಮೇಜಿನ ಆ ತುದಿಗೆ ತಳ್ಳಿದೆವು. ಆಮೇಲೆ ಫೈಲ್ ಕಾಪಿ ಆಗುತ್ತಿರುವಾಗಲೇ ಸಂಜೆ ಮೀಟಿಂಗ್ ಮುಗಿಸಿದಳು, ಒಂದು ಸಾಲೂ ತಪ್ಪಲಿಲ್ಲ. ಮೀಟರ್ ಲೆಕ್ಕದಲ್ಲಿ ಒಂದಿಷ್ಟು ಲ್ಯಾನ್ ಕೇಬಲ್ ತಂದು ರೂಮಿನವರೆಗೆ ಎಳೆದುಬಿಡಿ, ಗಾಳಿಯ ಗೊಡವೆಯೇ ಬೇಡ ಅಂತ ನನ್ನ ಸಲಹೆ. ಗೋಡೆ ಅಂದ ಕೆಡುತ್ತದೆ ಅಂತ ತಂಗಿಯ ತೀರ್ಮಾನ. ತಂಗಿ ಗೆದ್ದಳು. ನನಗೆ ಮಂಡಕ್ಕಿ ಮಿರ್ಚಿ ಸಿಕ್ಕಿತು.

200ರ ಪ್ಲಾನ್ ಮತ್ತೆ ನೂರಕ್ಕೆ ಇಳಿಸಿಕೊಡಿ ಅಂತ ಕೇಳಲು ಅವಳು ಫೋನ್ ಮಾಡಿದಾಗ ಏನಾಯಿತು ಅನ್ನುವುದು ಇನ್ನೊಂದು ಪೋಸ್ಟಿನ ಸರಕು. ಏರಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತಂತೆ.

ಕಂಪನಿ ಯಾವುದು ಅಂತ ಇನ್‌ಬಾಕ್ಸಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ನಿಮ್ಮ ಮನೆಯ ವೈಫೈ ತೊಂದರೆ ಇದ್ದರೆ ಕಳಿಸಿ, ನೋಡೋಣ, ನನಗೂ ಹೊತ್ತು ಹೋಗಬೇಕು. ಆದರೆ ಎರಡು ಪಿಂಗ್ ಕಿಟಕಿಗಳ ಫೋಟೋ ಬೇಕು, ಮೇಜಿನ ಮೇಲೆ ಏನೇನಿದೆ ಅನ್ನುವ ಫೋಟೋ ಬೇಕು. ಸುಮ್ನೆ ಸ್ಪೀಡ್ ಟೆಸ್ಟ್ ಫೋಟೋ ಕಳಿಸಿ 'ಏನ್ ಸಾರ್ ಇದು' ಅಂದರೆ ಉತ್ತರ ಕೊಡುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಮಲಗಿರುತ್ತೇನೆ.