ಅಂಕಲ್, ನಿಮ್ ಕಡೆ ಗಂಡು ಇದ್ಯಾ?

ಇವತ್ತು ಬೆಳಿಗ್ಗೆ ಏಳು ಗಂಟೆಗೆ ಕಾಂಪೌಂಡ್ ಗೋಡೆ ಮೇಲೆ ಕತ್ತು ಚಾಚಿ ಪಕ್ಕದ್ಮನೆ ಅಂಕಲ್‌ನ ನಾನು ಕೇಳಿದ ಪ್ರಶ್ನೆ ಇಡೀ ಬೀದಿಗೆ ಕೇಳಿಸಿದೆ. ಮಾನ ಹೋಗಿದ್ದು ಹೋಯ್ತು, ಹೊಟ್ಟೆಉರಿ ಇನ್ನೂ ಆರಿಲ್ಲ, ಅದಕ್ಕೇ ಬರೀತಿದೀನಿ.

ಎಲ್ಲಾ ಒಂದು ಸಿಹಿಕುಂಬಳದ ಬಳ್ಳಿಯಿಂದ. ನಾನು ಹಾಕಿದ್ದೂ ಅಲ್ಲ, ತರಕಾರಿ ಸಿಪ್ಪೆ ಸುರಿಯೋ ಗುಂಡೀಲಿ ತಾನಾಗೇ ಹುಟ್ಟಿದ್ದು (ದುಡ್ಡು ಕೊಟ್ಟು ತಂದ ಗಿಡ ಒಂದೂ ನಮ್ಮನೇಲಿ ಬದುಕಲ್ಲ, ಎಸೆದಿದ್ದು ಮಾತ್ರ ಜಮ್ಮಂತ ಬರುತ್ತೆ). ಬಟ್ಟೆ ತಂತಿ ಹತ್ತಿತು, ಸೈಕಲ್ ನುಂಗಿತು, ಗೋಡೆ ದಾಟಿ ಅಂಕಲ್ ಮನೆ ಕಡೆಗೂ ಇಳೀತು. ದಿನಾ ಐದಾರು ಹಳದಿ ಹೂವು. ಕಾಯಿ ಮಾತ್ರ ಸೊನ್ನೆ.

ಅಂಕಲ್ ಬಗ್ಗೆ ಹೇಳ್ಬೇಕು. ಹಲ್ಲುಜ್ಜೋ ಬ್ರಷ್ ಬಾಯಲ್ಲಿಟ್ಕೊಂಡೇ ಗೋಡೆ ಹತ್ರ ಬಂದು ನಮ್ಮ ಗಿಡಗಳ ತಪಾಸಣೆ ಮಾಡೋದು ಅವರ ದಿನದ ಮೊದಲ ಕೆಲಸ. ಬ್ರಷ್ ತೆಗೆಯಲ್ಲ, ನೊರೆ ಉಗುಳಲ್ಲ, ತಲೆ ಮಾತ್ರ ಸ್ವಲ್ಪ ಮೇಲಕ್ಕೆತ್ತಿ, ನೊರೆ ಚೆಲ್ಲದ ಹಾಗೆ, "ನೀಉ ಝಾತಿ ಆಯ್ತಮ್ಮ" ಅಂತಾರೆ. ನೀರು ಜಾಸ್ತಿ ಆಯ್ತು ಅಂತ. ಎಲೆ ಹಳದಿ ಆದ್ರೂ ನೀಉ ಝಾತಿ, ಎಲೆ ಮುದುಡಿದ್ರೂ ನೀಉ ಝಾತಿ, ಒಂದ್ಸಲ ಬೆಕ್ಕು ಕುಂಡ ಬೀಳಿಸಿ ಒಡೆದಾಗ್ಲೂ ಚೂರುಗಳನ್ನ ದಿಟ್ಟಿಸಿ ನೋಡಿ ಅದನ್ನೇ ಅಂದ್ರು. ಕುಂಬಳಕ್ಕೆ ಮಾತ್ರ ಸ್ಪೆಷಲ್ ಆಗಿ "ಗೊಬ್ಬ ಆಕು" ಅಂದ್ರು, ನಾನೂ ಪೆದ್ದಿ, ಯೂರಿಯಾ ಹಾಕಿದೆ. ಸಾರಜನಕ ಅತಿಯಾದ್ರೆ ಬಳ್ಳಿ ಹೂವು ಕಾಯಿ ಮರ್ತು ಎಲೆ ಬೆಳೆಸ್ತಾ ಕೂರುತ್ತೆ ಅಂತ ಆಮೇಲೆ ಗೊತ್ತಾಯ್ತು. ಎಲೆ ಕೊಡೆ ಥರ ಆಯ್ತು.

ಅಸಲಿ ವಿಷಯ ಏನಂದ್ರೆ, ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಮೊದಲು ಬರೋವೆಲ್ಲ ಸಾಮಾನ್ಯವಾಗಿ ಗಂಡುಗಳೇ, ಉದ್ದ ಸಣಕಲು ತೊಟ್ಟಿನ ಮೇಲೆ ಸುಮ್ನೆ ಅರಳಿ ಮಧ್ಯಾಹ್ನದೊಳಗೆ ಬಾಡಿ ಬೀಳೋರು. ಹೆಣ್ಣು ಹೂವು ಆಮೇಲೆ ನಿಧಾನಕ್ಕೆ ಬರುತ್ತೆ, ಬುಡದಲ್ಲೇ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತೆ. ಅದೂ ಅರಳಿರೋದು ಒಂದೇ ಒಂದು ಬೆಳಿಗ್ಗೆ. ಅಷ್ಟರಲ್ಲಿ ಜೇನೋ ದುಂಬಿಯೋ ಪರಾಗ ಮುಟ್ಟಿಸ್ಬೇಕು, ಇಲ್ಲಾಂದ್ರೆ ನಾವೇ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಒಳಗಿನ ಕಡ್ಡಿನ ಹೆಣ್ಣು ಹೂವಿನೊಳಗೆ ಸವರ್ಬೇಕು. ಟೊಮ್ಯಾಟೊ, ಬದನೆಗೆ ಈ ತಾಪತ್ರಯ ಇಲ್ಲ, ಗಂಡು ಹೆಣ್ಣು ಎರಡೂ ಒಂದೇ ಹೂವಲ್ಲಿ, ಗಾಳಿಗೆ ಅಲ್ಲಾಡಿದ್ರೂ ಕೆಲಸ ಆಗುತ್ತೆ.

ಇವತ್ತು ಮೊದಲನೇ ಹೆಣ್ಣು ಹೂವು ಅರಳೋ ದಿನ. ನಿನ್ನೆ ಸಂಜೆ ಮೊಗ್ಗಿನ ತುದಿ ಹಳದಿ ತಿರುಗಿದ್ದು ನೋಡಿ ಅಲಾರಂ ಇಟ್ಟು ಮಲಗಿದ್ದೆ. ಎದ್ದು ಹೋಗಿ ನೋಡಿದ್ರೆ ಹೆಣ್ಣು ಹೂವು ಅಂಗೈಯಗಲ ಅರಳಿ ನಿಂತಿದೆ, ಗಂಡು ಒಂದೂ ಇಲ್ಲ. ಮೊಗ್ಗೂ ಇಲ್ಲ! ಬರೀ ಚಿವುಟಿದ ತೊಟ್ಟುಗಳು.

ಆಗ್ಲೇ ನಾನು ಕೂಗಿದ್ದು. "ಅಂಕಲ್, ನಿಮ್ ಕಡೆ ಗಂಡು ಇದ್ಯಾ? ನಮ್ಮ ಹೆಣ್ಣು ರೆಡಿ ಇದೆ, ಮಧ್ಯಾಹ್ನದೊಳಗೆ ಆಗೋಗ್ಬೇಕು!"

ಒಳಗಿಂದ ಆಂಟಿ ಓಡಿ ಬಂದ್ರು. ಎದುರುಮನೆಯವ್ರು ಕಸದ ಬುಟ್ಟಿ ಹಿಡ್ಕೊಂಡು ಹಾಗೇ ನಿಂತ್ರು. ಅಂಕಲ್ ಬ್ರಷ್ ಹಿಡಿದು ಯೋಚನೆ ಮಾಡಿ, "ನಮ್ಮಕ್ಕನ್ ಮಗ ಇದಾನಮ್ಮ, ಒಳ್ಳೇ ಹುಡ್ಗ" ಅಂದ್ರು. ಇಷ್ಟು ದಿನದಲ್ಲಿ ಅವರು ಬ್ರಷ್ ತೆಗೆದು ಆಡಿದ ಮೊದಲನೇ ಮಾತು.

ವಿಷಯ ಬಿಡಿಸಿ ಹೇಳಿದ್ಮೇಲೆ ಗೊತ್ತಾಯ್ತು. ಕಾಯಿ ಕೊಡದ ಹೂವಿಗೆ ಬಳ್ಳಿ ಶಕ್ತಿ ಯಾಕೆ ವೇಸ್ಟ್ ಮಾಡ್ಬೇಕು ಅಂತ ನಿನ್ನೆ ಸಂಜೆ ಎರಡೂ ಕಡೆಯ ಗಂಡು ಮೊಗ್ಗುಗಳನ್ನ ಅವರೇ ಚಿವುಟಿ ಹಾಕಿದ್ರಂತೆ. ಉಪಕಾರ! 1694ರಲ್ಲಿ ಜರ್ಮನಿಯ ಕ್ಯಾಮರೇರಿಯಸ್ ಅನ್ನೋ ವಿಜ್ಞಾನಿ, ಗಿಡಗಳಲ್ಲೂ ಗಂಡು ಹೆಣ್ಣು ಉಂಟು ಅಂತ ತೋರಿಸೋಕೆ ಹರಳು ಗಿಡದ ಗಂಡು ಹೂಗಳನ್ನ ಅರಳೋ ಮುಂಚೆ ತೆಗೆದು, ಬೀಜ ಕಟ್ಟಲ್ಲ ಅಂತ ಪ್ರಕಟಿಸಿದ್ದ. ಆವತ್ತೇ ಮುಗಿದ ಪ್ರಯೋಗನ ಮತ್ತೆ ನನ್ನ ಬಳ್ಳಿ ಮೇಲೇ ಮಾಡ್ಬೇಕಿತ್ತಾ?

ಪಾಪ, ಅವರಿಗೂ ಬೇಜಾರಾಗಿ ಹನ್ನೊಂದು ಗಂಟೆಗೆ ಎಲ್ಲಿಂದಲೋ ಒಂದು ಬಿಳಿ ಹೂವು ಹಿಡ್ಕೊಂಡು ಬಂದ್ರು. ಸೋರೆ ಹೂವು. ಅದು ಅರಳೋದು ಸಂಜೆ, ಆಗ್ಲೇ ಮುದ್ದೆಯಾಗಿತ್ತು, ಅಲ್ಲದೆ ಸೋರೆಗೂ ಕುಂಬಳಕ್ಕೂ ಕೂಡಿಬರಲ್ಲ. "ಇದೂ ಗಂಡೇ ಅಲ್ವೇನಮ್ಮ" ಅಂದ್ರು. ಬಾಯಿಗೆ ಬಂದ ಮಾತು ನುಂಗ್ಕೊಂಡೆ.

ಹನ್ನೆರಡರ ಹೊತ್ತಿಗೆ ಹೋಗಿ ನೋಡಿದೆ. ಬೆಳಿಗ್ಗೆ ಅಷ್ಟು ದೊಡ್ಡದಾಗಿ ಅರಳಿದ್ದ ಹೂವು ಎಸಳು ತಿರುಚ್ಕೊಂಡು ಮುಚ್ಚಿತ್ತು, ಅಡಿಯಲ್ಲಿ ಪುಟ್ಟ ಕಾಯಿ ಮಾತ್ರ ಇನ್ನೂ ಹಸಿರಾಗೇ, ಏನೂ ಗೊತ್ತಿಲ್ಲದ ಹಾಗೆ. ಎರಡು ಮೂರು ದಿನಕ್ಕೆ ಅದೂ ಹಳದಿಯಾಗಿ ಉದುರುತ್ತೆ. ಯಾಕೋ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಸಂಜೆ ಹುಡುಕಿದ್ರೆ ಎಲೆ ಕೆಳಗೆ ಇನ್ನೊಂದು ಹೆಣ್ಣು ಮೊಗ್ಗಿದೆ, ನಾಲ್ಕೈದು ದಿನ ಬೇಕು. ಸಾಸಿವೆಯಷ್ಟು ಗಂಡು ಮೊಗ್ಗುಗಳೂ ಬರ್ತಿವೆ, ಎಲ್ಲಕ್ಕೂ ಕೆಂಪು ದಾರ ಕಟ್ಟಿ, "ಮುಟ್ಟಬೇಡಿ" ಅಂತ ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದೀನಿ. ಅಂಕಲ್ ಕನ್ನಡಕ ಏರಿಸಿ ಓದಿದ್ರು. ಆಮೇಲೆ ಬಳ್ಳಿ ಬುಡ ನೋಡಿ, ಬಾಯಲ್ಲಿ ಬ್ರಷ್ ಇಲ್ದೇ ಇದ್ರೂ, ಅದೇ ರಾಗದಲ್ಲಿ ಅಂದ್ರು, "ನೀರು ಜಾಸ್ತಿ ಆಯ್ತಮ್ಮ."